ಆನ್ ಮಾಡಿದರೆ ಪರದೆ ಕಪ್ಪು, ದೀಪ ಮಾತ್ರ ಮಿಣುಕುತ್ತೆ. ‘ಮದರ್‌ಬೋರ್ಡ್ ಹೋಗಿದೆ’ ಅಂತಾರೆ, ನಂಬಬಹುದಾ?

ಹಾನುಬಾಳು ರೈಟರ್:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕು ಹಾನುಬಾಳು ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೀನಿ. ಚೆಕ್‌ರೋಲು (ಆಳುಗಳ ಹಾಜರಿ ಪಟ್ಟಿ), ವಾರದ ಬಟವಾಡೆ, ಪಿಎಫ್, ಗೊಬ್ಬರ-ಔಷಧಿ ಸ್ಟಾಕು ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿದೆ. 2020ರಲ್ಲಿ ಸಾಹುಕಾರ್ರು ತೆಗೆಸಿಕೊಟ್ಟಿದ್ದು, ವಾರಂಟಿ ಮುಗಿದು ಎಷ್ಟೋ ಕಾಲ ಆಯ್ತು. ಯಾವ ಕಂಪನಿಯದು ಅಂತ ಇಲ್ಲಿ ಹಾಕೋದು ಬೇಡ ಅನ್ನಿಸುತ್ತೆ, ಇಷ್ಟು ವರ್ಷ ಒಂದು ದಿನವೂ ಕೈ ಕೊಟ್ಟಿರಲಿಲ್ಲ.

ಪುನರ್ವಸು ಮಳೆ ಹಿಡಿದ ಮೇಲೆ ನಮ್ಮಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಯ್ತು. ಬರುವ ತನಕ ಲೆಕ್ಕ ಪುಸ್ತಕದಲ್ಲೇ ಬರೆದೆ, ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿ ಆಫೀಸಿನ ಬೀರುವಿನಲ್ಲಿಟ್ಟೆ. ಕರೆಂಟು ಬಂದು ಚಾರ್ಜಿಗೆ ಹಾಕಿ ಬಟನ್ ಒತ್ತಿದರೆ ಪವರ್ ದೀಪ ಹತ್ತುತ್ತೆ, ಫ್ಯಾನು ಒಮ್ಮೆ ಜೋರಾಗಿ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಕಂಪನಿ ಗುರುತು ಕೂಡ ಮೂಡಲ್ಲ. ಸ್ವಲ್ಪ ಹೊತ್ತು ಬಿಟ್ಟು ಸಣ್ಣ ದೀಪ ಮಿಣುಕೋಕೆ ಶುರುವಾಗುತ್ತೆ. ಮಿಣುಕಿ ನಿಲ್ಲುತ್ತೆ, ಮತ್ತೆ ಮಿಣುಕುತ್ತೆ, ಹೀಗೇ ನಡೀತಾ ಇರುತ್ತೆ.

ಒಂದು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು ಒತ್ತಿದೆ, ಏನೂ ಆಗದವರ ಹಾಗೆ ಚಾಲೂ ಆಯ್ತು. ಚೆಕ್‌ರೋಲ್ ಫೈಲ್ ತೆರೆಯೋ ಹೊತ್ತಿಗೆ ನೀಲಿ ಪರದೆ ಬಂದು ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ತೋರಿಸಿ ತಾನೇ ರೀಸ್ಟಾರ್ಟ್ ಆಯ್ತು. ಆಮೇಲೆ ಮತ್ತದೇ ಕಪ್ಪು ಪರದೆ.

ಪೇಟೆಯಲ್ಲಿ ಒಂದು ಅಂಗಡಿಗೆ ತೋರಿಸಿದೆ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರು. ‘ಮದರ್‌ಬೋರ್ಡ್ ಹಾರ್ಡ್‌ವೇರ್ ಎರರ್, ಬೋರ್ಡ್ ಹೋಗಿದೆ. ಬೆಂಗಳೂರಿಂದ ಹಳೇ ಬೋರ್ಡ್ ತರಿಸಿ ಹಾಕಿದರೆ 16,500 ಆಗುತ್ತೆ, ಅದಕ್ಕೆ ಗ್ಯಾರಂಟಿ ಕೊಡೋಕಾಗಲ್ಲ, ಹೊಸದೇ ತಗೊಳ್ಳಿ’ ಅಂದರು. ಸಾಹುಕಾರ್ರು ಹೊಸದು ಕೊಡಿಸೋಕೆ ತಯಾರಿದ್ದಾರೆ, ಅದಕ್ಕೆ ಬೇಜಾರಿಲ್ಲ. ಆದರೆ ಮೇ ಕೊನೆ ತನಕದ್ದು ಮಾತ್ರ ಪೆನ್‌ಡ್ರೈವ್‌ನಲ್ಲಿದೆ. ಮರಗಸಿಯ (ನೆರಳಿನ ಮರದ ಕೊಂಬೆ ಸವರೋ ಕೆಲಸ) ಪೂರ್ತಿ ಕೂಲಿ ಲೆಕ್ಕ, ಮುಂಗಡ ಕೊಟ್ಟಿದ್ದು, ಹೊಸದಾಗಿ ಸೇರಿದ ಆಳುಗಳ ಆಧಾರ್ ಎಲ್ಲ ಅದರೊಳಗೇ ಉಳಿದಿದೆ. ಶನಿವಾರ ಬಟವಾಡೆಗೆ ಪುಸ್ತಕ ಇದೆ, ನಡೆಯುತ್ತೆ. ಮುಂಗಡ ಯಾರದು ಎಷ್ಟು ಕಡಿಯಬೇಕು ಅನ್ನೋದು ತಪ್ಪಿದರೆ ಪಾಪ ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ.

ನಿಜಕ್ಕೂ ಬೋರ್ಡೇ ಹೋಗಿದೆಯಾ ಅಂತ ನಾವೇ ತಿಳಿಯೋಕೆ ದಾರಿ ಇದೆಯಾ? ಬೋರ್ಡ್ ಸತ್ತರೂ ಒಳಗಿನ ಲೆಕ್ಕ ಹೊರಗೆ ತೆಗೆಯಬಹುದಾ? ಸ್ಕ್ರೂಡ್ರೈವರ್ ಹಿಡಿಯೋಕೆ ಬರುತ್ತೆ, ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ ಜೋಡಿಸ್ತೀನಿ. ಕಂಪ್ಯೂಟರ್ ಒಳಗೆ ಕೈ ಹಾಕಿಲ್ಲ.


ಚಿಕ್ಕಮಗಳೂರು, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ:

ಅಣ್ಣ, ಬಿಚ್ಚೋಕೆ ಮುಂಚೆ ಇಷ್ಟು ನೋಡಿ. ಚಾರ್ಜರ್ ತೆಗೆದು, ಪೆನ್‌ಡ್ರೈವ್, ಮೌಸ್ ಎಲ್ಲ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತೆ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಥಿಂಕ್‌ಪ್ಯಾಡ್ ಆದರೆ ತುಂಬಾ ಮಾಡೆಲ್‌ಗಳಲ್ಲಿ ಅಡಿಯಲ್ಲಿ ಸೂಜಿ ಹೋಗುವಷ್ಟು ರಿಸೆಟ್ ತೂತು ಇರುತ್ತೆ, ಚಾರ್ಜರ್ ತೆಗೆದು ಅದರೊಳಗೆ ಪಿನ್ ಹಾಕಿ ಒತ್ತಬೇಕು.

ಡೆಲ್ ಆದರೆ, ಈಚಿನ ಮಾಡೆಲ್‌ಗಳಲ್ಲಿ ಎಂ ಕೀ ಒತ್ತಿ ಹಿಡಿದು ಪವರ್ ಒತ್ತಿ. ಬ್ಯಾಟರಿ ದೀಪ ಕಿತ್ತಳೆ ಬಣ್ಣದಲ್ಲಿ ಹತ್ತಿ ನಿಂತರೆ ಬೋರ್ಡಿನಲ್ಲಿ ತೊಂದರೆ ಅಂತ ಅದೇ ಹೇಳಿದ ಹಾಗೆ. ಡಿ ಕೀ ಹಿಡಿದು ಒತ್ತಿದರೆ ಪರದೆಯ ಪರೀಕ್ಷೆ, ಬಿಳಿ ಕಪ್ಪು ಕೆಂಪು ಹಸಿರು ನೀಲಿ ಒಂದರ ಹಿಂದೆ ಒಂದು ಬರಬೇಕು. ಬಣ್ಣ ಬಂದರೆ ಪರದೆ ಚೆನ್ನಾಗಿದೆ. ಎಚ್‌ಪಿ ಆದರೆ ವಿಂಡೋಸ್ ಕೀ, ಬಿ ಎರಡೂ ಹಿಡಿದು ಪವರ್ ಒತ್ತಿದರೆ ಬಯೋಸ್ (ಆನ್ ಮಾಡಿದಾಗ ಮೊದಲು ಓಡೋ ಪ್ರೋಗ್ರಾಂ) ರಿಕವರಿಗೆ ಹೋಗುತ್ತೆ.

ಮತ್ತೆ ಆ ದೀಪ ಎಷ್ಟು ಸಲ ಮಿಣುಕುತ್ತೆ ಅಂತ ಮೊಬೈಲಲ್ಲಿ ವಿಡಿಯೋ ಮಾಡಿ ಎಣಿಸಿ. ಅದರಲ್ಲೇ ಉತ್ತರ ಇರುತ್ತೆ.


ಹಾಸನ, ಚಿಪ್ ಲೆವೆಲ್ ರಿಪೇರಿ:

ರೈಟರ್ ಸಾರ್, ನಮಸ್ಕಾರ. ಹಾಸನದಲ್ಲಿ ಬೋರ್ಡ್ ರಿಪೇರಿ ನನ್ನ ಕಸುಬು. ಮಳೆಗಾಲ ಬಂತು ಅಂದರೆ ಸಕಲೇಶಪುರ, ಮೂಡಿಗೆರೆ, ಆಲೂರು ಕಡೆಯಿಂದ ಇದೇ ಥರದ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬರುತ್ತಲೇ ಇರುತ್ತೆ. ಮೇಲಿನ ತಮ್ಮ ಹೇಳಿದ್ದು ಸರಿಯಾಗಿದೆ, ಮೊದಲು ಅದನ್ನ ಮಾಡಿ. ನಾನು ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕೆ ಅಂದರೆ ‘ಬೋರ್ಡ್ ಹೋಗಿದೆ’ ಅನ್ನೋ ಒಂದು ಮಾತಿಗೆ ಎಷ್ಟೋ ಜನ ರಿಪೇರಿ ಆಗಬಹುದಾದ ಮಷೀನನ್ನ ಗುಜರಿಗೆ ಹಾಕ್ತಾರೆ. ನೋಡಿದರೆ ಸಂಕಟ ಆಗುತ್ತೆ.

ಬಟನ್ ಒತ್ತಿದಾಗ ಒಳಗೆ ಏನು ನಡೆಯುತ್ತೆ ಅಂತ ತಿಳಿದರೆ ನಿಮಗೇ ಅರ್ಧ ಉತ್ತರ ಸಿಗುತ್ತೆ. ಲ್ಯಾಪ್‌ಟಾಪ್ ಆಫ್ ಇದ್ದಾಗಲೂ ಬೋರ್ಡಿನ ಒಂದು ಸಣ್ಣ ಭಾಗಕ್ಕೆ 3.3 ವೋಲ್ಟ್ ಹೋಗ್ತಾ ಇರುತ್ತೆ. ಅಲ್ಲಿ ಎಂಬೆಡೆಡ್ ಕಂಟ್ರೋಲರ್ ಅಂತ ಒಂದು ಚಿಪ್ ಕೂತಿರುತ್ತೆ, ನಾವು ಇಸಿ ಅಂತೀವಿ. ಬಟನ್ ಒತ್ತಿದ್ದು ಮೊದಲು ಗೊತ್ತಾಗೋದು ಅದಕ್ಕೆ. ಅದು ಒಂದೊಂದೇ ಸಪ್ಲೈ ಎಬ್ಬಿಸುತ್ತೆ: 5 ವೋಲ್ಟ್, ಮೆಮೊರಿಯ ವೋಲ್ಟೇಜು, ಚಿಪ್‌ಸೆಟ್‌ದು, ಕೊನೆಗೆ ಪ್ರೊಸೆಸರ್‌ದು. ಎಲ್ಲ ಸರಿ ಇದೆ ಅಂತಾದ ಮೇಲೆ ಪ್ರೊಸೆಸರ್ ಎದ್ದು ಬಯೋಸ್ ಚಿಪ್ಪಿನಿಂದ ಓದೋಕೆ ಶುರು ಮಾಡುತ್ತೆ. ಬಯೋಸ್ ಮಾಡೋ ಮೊದಲ ದೊಡ್ಡ ಕೆಲಸ ರ್‍ಯಾಮ್, ಅಂದರೆ ಕೆಲಸ ನಡೆಯುವಾಗ ಬಳಸೋ ಮೆಮೊರಿ, ಹುಡುಕಿ ಹದಕ್ಕೆ ತರೋದು. ಪರದೆಗೆ ಚಿತ್ರ ಬರೋದು ಅದಾದ ಮೇಲೆ. ಹಾಗಾಗಿ ರ್‍ಯಾಮ್ ಸಿಗದಿದ್ದರೆ ‘ರ್‍ಯಾಮ್ ಇಲ್ಲ’ ಅಂತ ಪರದೆ ಮೇಲೆ ಬರೆಯೋಕೂ ಅದಕ್ಕೆ ಆಗಲ್ಲ. ದೀಪ ಮಿಣುಕಿಸಿ ಹೇಳೋ ಏರ್ಪಾಡು ಇರೋದೇ ಇಂಥ ಹೊತ್ತಿಗೆ.

ಈಗ ನಿಮ್ಮ ಮಷೀನ್ ನೋಡಿ. ದೀಪ ಲೆಕ್ಕವಾಗಿ ಮಿಣುಕ್ತಾ ಇದೆ. ಅಂದರೆ ಚಾರ್ಜರ್ ಇಂದ ಕರೆಂಟು ಬರ್ತಾ ಇದೆ, 3.3 ವೋಲ್ಟ್ ಇದೆ, ಇಸಿ ಬದುಕಿದೆ. ಬಿಸಿಲು ಬಿದ್ದ ದಿನ ವಿಂಡೋಸ್ ತನಕ ಹೋಗಿದೆ ಅಂದರೆ ಪ್ರೊಸೆಸರ್, ಬಯೋಸ್, ಡಿಸ್‌ಪ್ಲೇ, ಎಸ್‌ಎಸ್‌ಡಿ (ಫೈಲುಗಳನ್ನ ಉಳಿಸೋ ಡಿಸ್ಕ್) ಎಲ್ಲವೂ ಆ ಹೊತ್ತಿಗೆ ಕೆಲಸ ಮಾಡಿವೆ. ಸತ್ತ ಬೋರ್ಡು ಬಿಸಿಲಿಗೆ ಎದ್ದು ಕೂರಲ್ಲ ಸಾರ್. ತೇವ ಇದ್ದಾಗ ಇಲ್ಲ, ಒಣಗಿದಾಗ ಇದೆ, ಬಂದಾಗಲೂ ಮೆಮೊರಿ ಹೆಸರು ಹೇಳಿ ಬೀಳುತ್ತೆ. ಇಷ್ಟರ ಮೇಲೆ ನನ್ನ ಅನುಮಾನ ಪೂರ್ತಿ ರ್‍ಯಾಮ್ ಕಡೆಗೇ: ಕಡ್ಡಿ, ಇಲ್ಲ ಅದು ಕೂರೋ ಸ್ಲಾಟು.

ಮಿಣುಕು ಎಣಿಸೋದು ಹೀಗೆ. ಡೆಲ್‌ನಲ್ಲಿ ಕಿತ್ತಳೆ ಎಷ್ಟು, ಆಮೇಲೆ ಬಿಳಿ ಎಷ್ಟು ಅಂತ ನೋಡಬೇಕು. ಸಾಮಾನ್ಯವಾಗಿ 2-1 ಅಂದರೆ ಪ್ರೊಸೆಸರ್, 2-2 ಬಯೋಸ್, 2-3 ರ್‍ಯಾಮ್ ಸಿಕ್ಕಿಲ್ಲ, 2-4 ರ್‍ಯಾಮ್ ಕೆಟ್ಟಿದೆ, 3-1 ಗುಂಡಿ ಸೆಲ್ಲು. ಎಚ್‌ಪಿಯ ಬಿಸಿನೆಸ್ ಮಾಡೆಲ್‌ಗಳಲ್ಲಿ ಕೆಂಪು ಮೂರು ಸಲ ಉದ್ದಕ್ಕೆ, ಬಿಳಿ ಎರಡು ಸಲ ಚಿಕ್ಕದಾಗಿ ಬಂದರೆ ಮೆಮೊರಿ. ಮಾಡೆಲ್ ಮೇಲೆ ಹೆಚ್ಚುಕಮ್ಮಿ ಇರುತ್ತೆ, ಅದಕ್ಕೆ ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಮುಚ್ಚಳ ಬಿಚ್ಚೋದು ಹೇಗೆ, ಯಾವ ಸ್ಕ್ರೂ ಎಲ್ಲಿದೆ ಅನ್ನೋದೂ ಅದರಲ್ಲಿ ಚಿತ್ರ ಸಮೇತ ಇರುತ್ತೆ.

ಸ್ಟಾರ್ಟರ್ ಬಿಚ್ಚೋ ಕೈಗೆ ಇದೇನು ಕಷ್ಟ ಇಲ್ಲ. ಚಾರ್ಜರ್ ತೆಗೀರಿ. ಸ್ಕ್ರೂಗಳು ಒಂದೇ ಉದ್ದ ಇರಲ್ಲ, ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು ಬಿಚ್ಚಿದ ಜಾಗದಲ್ಲೇ ಚುಚ್ಚಿಡಿ. ಉದ್ದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡಿಗೆ ತೂತು ಬೀಳುತ್ತೆ, ನಾನು ಕಣ್ಣಾರೆ ಕಂಡಿದ್ದೀನಿ. ಮುಚ್ಚಳ ಎದ್ದ ತಕ್ಷಣ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸೋದು. ಇದನ್ನ ಮರೆಯೋ ಹಾಗೇ ಇಲ್ಲ. ಬ್ಯಾಟರಿ ಇದ್ದ ಹಾಗೇ ರ್‍ಯಾಮ್ ಕಿತ್ತರೆ, ಇಲ್ಲ ಒಂದು ಸ್ಕ್ರೂ ಬೋರ್ಡ್ ಮೇಲೆ ಬಿದ್ದರೆ, ಆಗ ನಿಜವಾಗಲೂ ಬೋರ್ಡ್ ಹೋಗುತ್ತೆ. ಬಿಡಿಸಿದ ಮೇಲೆ ಪವರ್ ಬಟನ್ ಇನ್ನೊಮ್ಮೆ ಒತ್ತಿ ಹಿಡಿದು ಬಿಡಿ.

ರ್‍ಯಾಮ್ ಕಡ್ಡಿಯ ಎರಡೂ ಕಡೆ ಕ್ಲಿಪ್ ಇರುತ್ತೆ. ಹೊರಕ್ಕೆ ತಳ್ಳಿದರೆ ಕಡ್ಡಿ ಓರೆಯಾಗಿ ಎದ್ದು ನಿಲ್ಲುತ್ತೆ. 2020ರ ಮಷೀನ್ ಅಂದರೆ ಬಹುಶಃ ಡಿಡಿಆರ್4 ಅನ್ನೋ ಬಗೆಯ ಕಡ್ಡಿ, ಅಂಚಿನಲ್ಲಿ 260 ಚಿನ್ನದ ಲೇಪದ ಕಾಂಟ್ಯಾಕ್ಟು, ಒಂದರಿಂದ ಒಂದಕ್ಕೆ ಅರ್ಧ ಮಿಲಿಮೀಟರ್. ಅದು ನಡೆಯೋದು 1.2 ವೋಲ್ಟ್ ಮೇಲೆ. ಇಷ್ಟು ಕಮ್ಮಿ ವೋಲ್ಟೇಜಿಗೆ, ಇಷ್ಟು ಸಣ್ಣ ಕಾಂಟ್ಯಾಕ್ಟಿಗೆ, ತೇವ ಹಿಡಿದ ಧೂಳಿನ ತೆಳು ಪದರ ಸಾಕು. ಟಾರ್ಚ್ ಓರೆಯಾಗಿ ಹಿಡಿದು ಸ್ಲಾಟಿನ ಒಳಗೆ ನೋಡಿ. ಹಸಿರೋ ಬಿಳಿಯೋ ಕಿಲುಬು ಕಂಡರೆ ಫೋಟೋ ಹಾಕಿ.

ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ, 99 ಪರ್ಸೆಂಟ್‌ದು. ಐಪಿಎ ಅಂದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಕೊಡ್ತಾರೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎರಡೂ ಇರುತ್ತೆ. ಪೆಟ್ರೋಲು, ಥಿನ್ನರ್ ಅಂತೂ ಬೇಡವೇ ಬೇಡ, ಪ್ಲಾಸ್ಟಿಕ್ ತಿಂದುಬಿಡುತ್ತೆ. ಕಡ್ಡಿಯ ಚಿನ್ನದ ಅಂಚನ್ನ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ರಬ್ಬರ್‌ನಲ್ಲಿ ಉಜ್ಜೋ ಅಭ್ಯಾಸ ಎಲ್ಲ ಕಡೆ ಇದೆ. ಕಲೆ ಹೋಗದಿದ್ದರೆ ಬಿಳಿ ಮೆತ್ತನೆ ರಬ್ಬರ್‌ನಲ್ಲಿ ಹಗುರವಾಗಿ ಒಮ್ಮೆ ಎಳೀರಿ, ಪುಡಿ ಪೂರ್ತಿ ಒರೆಸಿ ತೆಗೀರಿ, ಅಷ್ಟಕ್ಕೆ ನಿಲ್ಲಿಸಿ. ಪದೇ ಪದೇ ಉಜ್ಜಿದರೆ ಚಿನ್ನದ ಲೇಪ ಹೋಗಿ ಅಡಿಯ ಲೋಹ ಬಯಲಾಗುತ್ತೆ, ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಹಿಡಿಯುತ್ತೆ. ಸ್ಲಾಟಿನೊಳಗೆ ರಬ್ಬರ್, ಬ್ಲೇಡು, ಪಿನ್ನು ಏನೂ ಹಾಕಬೇಡಿ. ಮೆತ್ತನೆ ಬ್ರಷ್ ಐಪಿಎಯಲ್ಲಿ ಅದ್ದಿ ಉದ್ದಕ್ಕೆ ಆಡಿಸಿ, ಚೆನ್ನಾಗಿ ಆರೋಕೆ ಬಿಡಿ. ಹೇರ್ ಡ್ರೈಯರ್ ಬಿಸಿಗಾಳಿ ಬೇಡ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡೋದಂತೂ ಬೇಡ, ಅಕ್ಕಿಯ ಹುಡಿ ಫ್ಯಾನಿಗೆ ಹೋಗಿ ಮೆತ್ತಿಕೊಳ್ಳುತ್ತೆ, ಒಳಗಿನ ತೇವ ಅಲ್ಲೇ ಇರುತ್ತೆ.

ಮುಖ್ಯವಾದ್ದು ಇನ್ನು ಮುಂದೆ. ಎರಡು ಕಡ್ಡಿ ಇದ್ದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದು ಕಡ್ಡಿ, ಒಂದು ಸ್ಲಾಟು. ಕಡ್ಡಿಗಳಿಗೆ ಪೆನ್ಸಿಲ್‌ನಲ್ಲಿ ಅ, ಆ ಅಂತ ಗುರುತು ಹಾಕಿ. ಅ ಕಡ್ಡಿಯನ್ನ ಮೊದಲ ಸ್ಲಾಟಿಗೆ ಹಾಕಿ ನೋಡಿ, ಅದನ್ನೇ ಎರಡನೇದಕ್ಕೆ ಹಾಕಿ ನೋಡಿ. ‘ಆ’ ಗುರುತಿನ ಕಡ್ಡಿಗೂ ಹಾಗೇ. ಪ್ರತಿ ಸಲ ಬದಲಾಯಿಸೋಕೆ ಮುಂಚೆ ಬ್ಯಾಟರಿ ಕನೆಕ್ಟರ್ ಬಿಡಿಸಲೇಬೇಕು. ಕಡ್ಡಿಯನ್ನ ಓರೆಯಾಗಿ ಚಿನ್ನದ ಗೆರೆ ಕಾಣದಷ್ಟು ಒಳಕ್ಕೆ ತಳ್ಳಿ ಕೆಳಕ್ಕೆ ಒತ್ತಿದರೆ ಕ್ಲಿಪ್ ಟಕ್ ಅನ್ನುತ್ತೆ. ರ್‍ಯಾಮ್ ಬದಲಾದ ಮೇಲೆ ಮೊದಲ ಸಲ ಪರದೆ ಸ್ವಲ್ಪ ಹೊತ್ತು ಕಪ್ಪಾಗೇ ಇರುತ್ತೆ, ಹೊಸದಾಗಿ ಹದ ಮಾಡ್ತಾ ಇರುತ್ತೆ. ಗಾಬರಿಯಾಗಿ ಆಫ್ ಮಾಡಬೇಡಿ, ಎರಡು ಮೂರು ನಿಮಿಷ ಕೊಡಿ.

ಕಡ್ಡಿ ಯಾವ ಸ್ಲಾಟಿಗೆ ಹೋದರೂ ಕೆಟ್ಟರೆ ತಪ್ಪು ಕಡ್ಡಿಯದು. ಯಾವ ಕಡ್ಡಿ ಬಂದರೂ ಒಂದೇ ಸ್ಲಾಟ್ ಕೆಟ್ಟರೆ ತಪ್ಪು ಸ್ಲಾಟಿನದು. ಎಲ್ಲ ಕಡೆ ಎಲ್ಲವೂ ಕೆಟ್ಟರೆ ಆಗ ಬೋರ್ಡಿನ ಮಾತು. ಬೋರ್ಡ್ ಅಂದಾಗಲೂ ಮೀಟರ್ ಹಿಡಿದು ಯಾವ ಸಪ್ಲೈ ಬರ್ತಾ ಇಲ್ಲ ಅಂತ ಹುಡುಕಬೇಕು. ಮೆಮೊರಿಯ 1.2 ವೋಲ್ಟ್ ಇದೆಯಾ, ಯಾವುದಾದರೂ ಕೆಪಾಸಿಟರ್ ಶಾರ್ಟ್ ಆಗಿದೆಯಾ ಅಂತ ನೋಡಬೇಕು. ಎಷ್ಟೋ ಸಲ ಒಂದು ಸಾಸಿವೆ ಗಾತ್ರದ ಕೆಪಾಸಿಟರ್ ತೆಗೆದು ಹಾಕಿದರೆ ಬೋರ್ಡ್ ಎದ್ದು ಬರುತ್ತೆ.

ಒಂದು ವೇಳೆ ರ್‍ಯಾಮ್ ಕಡ್ಡಿಯೇ ಕಾಣದಿದ್ದರೆ, ಅಂದರೆ ಬೋರ್ಡಿಗೇ ಬೆಸುಗೆ ಹಾಕಿದ್ದರೆ, ಅಲ್ಲಿಗೆ ನಿಲ್ಲಿಸಿ ಇಲ್ಲಿ ಬರೀರಿ. ಅದು ಮನೆಯಲ್ಲಿ ಮಾಡೋ ಕೆಲಸ ಅಲ್ಲ.

ಇನ್ನೊಂದು. ಆ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಸಣ್ಣ ಊರಲ್ಲಿ ಪರೀಕ್ಷೆಗೆ ಅಂತ ಒಂದು ಒಳ್ಳೆ ರ್‍ಯಾಮ್ ಎತ್ತಿಡೋಕೂ ಬಂಡವಾಳ ಬೇಕು. ಆದರೆ ಯಾವ ಅಂಗಡಿಗೆ ಹೋದರೂ ನೇರವಾಗಿ ಕೇಳಿ: ಬೇರೆ ರ್‍ಯಾಮ್ ಹಾಕಿ ನೋಡಿದ್ರಾ, ಮಿಣುಕು ಎಷ್ಟು ಅಂತ ಎಣಿಸಿದ್ರಾ, ಯಾವ ವೋಲ್ಟೇಜ್ ಇಲ್ಲ? ಉತ್ತರ ಕೊಡೋಕೆ ಬಂದರೆ ಅವರ ಕೈಗೆ ಕೊಡಿ.


ಚಿಕ್ಕಮಗಳೂರು, ಕಂಪ್ಯೂಟರ್ ಟೀಚರ್:

ಸರ್, ನಿಮ್ಮ ಎರಡನೇ ಪ್ರಶ್ನೆಗೆ ಹೇಳ್ತೀನಿ, ಅದು ಎಲ್ಲರ ಗಮನ ತಪ್ಪುತ್ತೆ. ಬೋರ್ಡ್ ಹೋದರೂ ಲೆಕ್ಕ ಇರೋದು ಎಸ್‌ಎಸ್‌ಡಿಯಲ್ಲಿ. ಚಪ್ಪಟೆಯಾಗಿ ಚೂಯಿಂಗ್ ಗಮ್ ಪಟ್ಟಿಯಷ್ಟು ಉದ್ದ ಇರುತ್ತೆ, ಒಂದೇ ಸ್ಕ್ರೂ. ಬಿಚ್ಚಿ ಯುಎಸ್‌ಬಿ ಎನ್‌ಕ್ಲೋಷರ್ ಅನ್ನೋ ಡಬ್ಬಿಯೊಳಗೆ ಕೂರಿಸಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವ್ ಥರ ತೆರೆಯಬಹುದು. ಎನ್‌ಕ್ಲೋಷರ್ ತಗೊಳ್ಳುವಾಗ ನಿಮ್ಮದು ಎನ್‌ವಿಎಂಇ ಹೌದೋ ಸಾಟಾ ಹೌದೋ ಅಂತ ಎಸ್‌ಎಸ್‌ಡಿ ಮೇಲಿನ ಚೀಟಿ ಓದಿ, ಅವು ಎರಡು ಬೇರೆ ಬಗೆ. ತಪ್ಪು ತಂದರೆ ತೋರಿಸಲ್ಲ.

ಆದರೆ ಬಿಟ್‌ಲಾಕರ್ ಅನ್ನೋ ವಿಂಡೋಸ್ ಡಿಸ್ಕ್ ಲಾಕ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಮಾಡೋ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದೇ ಡಿಸ್ಕ್ ಲಾಕ್ ಆಗಿರುತ್ತೆ. ಲಾಕಿನ ಕೀಲಿ ಬೋರ್ಡಿನ ಟಿಪಿಎಂ ಅನ್ನೋ ಭದ್ರತಾ ಭಾಗದ ಒಳಗೆ ಇರೋದ್ರಿಂದ, ಅಂಗಡಿಯಲ್ಲಿ ಬೋರ್ಡ್ ಬದಲಾಯಿಸಿ ಕೊಟ್ಟರೂ ಅದೇ ಎಸ್‌ಎಸ್‌ಡಿ ಆ ಕೀ ಕೇಳೇ ಕೇಳುತ್ತೆ. ಮೊದಲು ಮೊಬೈಲ್‌ನಿಂದ ಆ ಖಾತೆಗೆ ಹೋಗಿ, ಡಿವೈಸಸ್ ಒಳಗೆ ನಿಮ್ಮ ಲ್ಯಾಪ್‌ಟಾಪ್ ಹುಡುಕಿ, ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಖಾತೆ ಸಾಹುಕಾರ್ರ ಇಮೇಲ್‌ನಲ್ಲಿ ಮಾಡಿಸಿದ್ದರೆ ಅವರ ಫೋನಲ್ಲಿ ನೋಡಬೇಕಾಗುತ್ತೆ. ಯಾರಾದರೂ ‘ವಿಂಡೋಸ್ ಹೊಸದಾಗಿ ಹಾಕಿ ಕೊಡ್ತೀವಿ’ ಅಂದರೆ ಲೆಕ್ಕ ಕೈಗೆ ಬರೋ ತನಕ ಒಪ್ಪಬೇಡಿ. ನಮ್ಮ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳ ಅಂಕಪಟ್ಟಿ ಇದ್ದ ಮಷೀನಿಗೆ ಹಾಗೇ ಆಯ್ತು. ಹೊಸ ವಿಂಡೋಸ್ ಬಂತು, ಪಟ್ಟಿ ಹೋಯ್ತು, ಎಲ್ಲ ಉತ್ತರಪತ್ರಿಕೆ ಕೂತು ಮತ್ತೆ ನಮೂದಿಸಿದೆವು.


ಹಾನುಬಾಳು ರೈಟರ್:

ಎಲ್ಲರಿಗೂ ಕೈ ಮುಗೀತೀನಿ. ನಡೆದಿದ್ದು ಬರೀತೀನಿ.

ಬಟನ್ ಒತ್ತಿ ಹಿಡಿದಿದ್ದಕ್ಕೆ ಏನೂ ಬದಲಾಗಲಿಲ್ಲ. ಮಿಣುಕು ವಿಡಿಯೋ ಮಾಡಿ ನಿಧಾನ ಓಡಿಸಿ ಎಣಿಸಿದೆ, ನಮ್ಮ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿ ಅದಕ್ಕೆ ಮೆಮೊರಿ ಫೇಲ್ಯೂರ್ ಅಂತಲೇ ಇದೆ. ಟೀಚರ್ ಅವರು ಹೇಳಿದ ಕೀ ಸಾಹುಕಾರ್ರ ಮಗಳ ಇಮೇಲ್‌ನಲ್ಲಿ ಸಿಕ್ಕಿತು, ಬರೆದುಕೊಂಡೆ. ಆಮೇಲೇ ಸ್ಕ್ರೂಡ್ರೈವರ್ ಹಿಡಿದಿದ್ದು.

ಒಳಗೆ ಎರಡು ಸ್ಲಾಟು ಪಕ್ಕಪಕ್ಕ, ಎರಡು ಕಡ್ಡಿ. ಒಂದು ಸ್ಲಾಟು ಬ್ಯಾಟರಿ ಕಡೆ, ಒಂದು ಫ್ಯಾನಿನ ಗಾಳಿಕಿಂಡಿ ಕಡೆ. ಟಾರ್ಚ್ ಹಿಡಿದರೆ ಕಿಂಡಿ ಕಡೆಯ ಸ್ಲಾಟಿನ ಎಡ ಮೂಲೆಯಲ್ಲಿ ನಾಲ್ಕೈದು ಕಾಲು ಹಸಿರಿಗೆ ತಿರುಗಿದೆ, ಹಳೇ ತಾಮ್ರದ ಚೊಂಬಿನ ಅಂಚಿನ ಹಾಗೆ. ಅದರ ಪಕ್ಕ ಕಂದು ಬಣ್ಣದ ಒಂದು ಕಲೆ, ಯಾವುದೋ ಹುಳ ಸತ್ತು ಅಂಟಿಕೊಂಡಿತ್ತು ಅನ್ಸುತ್ತೆ, ಒಂದು ಸಣ್ಣ ರೆಕ್ಕೆ ಇನ್ನೂ ಇತ್ತು. ಫೋಟೋ ಹಾಕಿದ್ದೀನಿ.

ಅ ಕಡ್ಡಿ ಬ್ಯಾಟರಿ ಕಡೆಗೆ ಹಾಕಿದೆ. ಕಪ್ಪು ಪರದೆ ಇದ್ದಾಗ ಕೈ ಬಟನ್ ಮೇಲೆ ಹೋಗ್ತಾ ಇತ್ತು, ನೀವು ಹೇಳಿದ್ದು ನೆನಪಾಗಿ ತಡೆದೆ. ಗುರುತು ಬಂತು, ವಿಂಡೋಸ್ ಬಂತು. ಅದೇ ಕಡ್ಡಿ ಕಿಂಡಿ ಕಡೆಗೆ ಹಾಕಿದರೆ ಮಿಣುಕು. ‘ಆ’ ಗುರುತಿನ ಕಡ್ಡಿಯೂ ಅಷ್ಟೇ, ಬ್ಯಾಟರಿ ಕಡೆ ಸರಿ, ಕಿಂಡಿ ಕಡೆ ಇಲ್ಲ. ಐಪಿಎ ಇನ್ನೂ ಸಿಕ್ಕಿಲ್ಲ, ಸಕಲೇಶಪುರದಲ್ಲಿ ಕೇಳಿದ ಕಡೆ ಇರಲಿಲ್ಲ. ಹಾಗಾಗಿ ಸ್ಲಾಟ್ ಮುಟ್ಟಿಲ್ಲ.

ಈಗ ಒಂದೇ ಕಡ್ಡಿಯಲ್ಲಿ, 8 ಜಿಬಿಯಲ್ಲಿ, ಓಡ್ತಾ ಇದೆ. ಮೊದಲು ಮಾಡಿದ ಕೆಲಸ ಚೆಕ್‌ರೋಲ್, ಮುಂಗಡದ ಪಟ್ಟಿ ಎರಡು ಪೆನ್‌ಡ್ರೈವ್‌ಗೆ ಇಳಿಸಿದ್ದು. ಒಂದು ನನ್ನ ಹತ್ರ, ಒಂದು ಬಂಗಲೆಯಲ್ಲಿ.

ಈಗ ಕೇಳೋದು: ಹೀಗೇ ಒಂದೇ ಕಡ್ಡಿಯಲ್ಲಿ ಓಡಿಸಿದರೆ ಏನಾದರೂ ತೊಂದರೆ ಇದೆಯಾ? ಮಳೆ ಮುಗಿದ ಮೇಲೆ ನೋಡಿಕೊಂಡರೆ ಸಾಕಾ?


ಮೂಡಿಗೆರೆ, ತೋಟದ ಮನೆ:

ಮಧ್ಯೆ ಒಂದು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಾಕಿ ಮುಚ್ಚಿಡೋದೇ ತಪ್ಪು ದಾರಿ. ಬ್ಯಾಗಿನ ಸ್ಪಂಜು ತೇವ ಹೀರಿ ಹಿಡಿದುಕೊಳ್ಳುತ್ತೆ, ಚರ್ಮದ ಬೆಲ್ಟಿಗೆ ಬೂಷ್ಟು ಬರೋ ಜಾಗದಲ್ಲಿ ಬೋರ್ಡಿಗೂ ಅದೇ ಗತಿ. ಕೆಲಸ ಇರಲಿ ಬಿಡಲಿ ದಿನಾ ಒಂದಿಷ್ಟು ಹೊತ್ತು ಆನ್ ಮಾಡಿಟ್ಟರೆ ಅದರ ಬಿಸಿಗೇ ಒಳಗೆ ಒಣಗುತ್ತೆ. ಕರೆಂಟ್ ಇಲ್ಲದ ದಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡ್ತೀನಿ. ನೀಲಿ ಬಣ್ಣದ ಕಾಳು ತೇವ ಕುಡಿದು ಗುಲಾಬಿ ಆದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತೆ. ಆ ಬಾಣಲೆ ಅಡುಗೆಗೆ ಬಳಸಬೇಡಿ. ಕ್ಯಾಮೆರಾಗೂ ಇದೇ ಮಾಡ್ತೀನಿ, ಚೆನ್ನಾಗಿದೆ.


ಹಾಸನ, ಚಿಪ್ ಲೆವೆಲ್ ರಿಪೇರಿ:

ಮೂಡಿಗೆರೆಯವರು ಹೇಳಿದ್ದು ನೂರಕ್ಕೆ ನೂರು.

ರೈಟರ್ ಸಾರ್, ಎರಡೂ ಕಡ್ಡಿ ಒಂದು ಕಡೆ ಓಡಿ ಇನ್ನೊಂದು ಕಡೆ ಓಡಲ್ಲ ಅಂದ ಮೇಲೆ ಕಡ್ಡಿಗಳು ಚೆನ್ನಾಗಿವೆ, ಸ್ಲಾಟೇ ಕೆಟ್ಟಿರೋದು. ಫೋಟೋ ನೋಡಿದೆ. ಆ ಹಸಿರು ಕಿಲುಬು ತಾಮ್ರದ್ದು, ಕಾಲಿನ ಮೇಲಿನ ಲೇಪ ದಾಟಿ ಒಳಗೆ ಹೋಗಿದೆ. ಹುಳದ ಮೈಯ ನೀರಿನಲ್ಲಿ ಉಪ್ಪಿನಂಶ ಇರುತ್ತೆ, ಅದಕ್ಕೆ ತೇವ ಸೇರಿ ಮೇಲೆ ಕರೆಂಟು ಹರಿದರೆ ಲೋಹ ಬೇಗ ಕರಗುತ್ತೆ. ಬೆಳಕಿಗೆ ಬರೋ ಹುಳ ಬಿಸಿಗಾಳಿ ಕಿಂಡಿಯಿಂದ ಒಳಗೆ ಹೋಗೋದು ತೋಟದ ಮನೆಗಳಲ್ಲಿ ಮಾಮೂಲು.

ಒಂದೇ ಕಡ್ಡಿಯಲ್ಲಿ ಓಡಿಸೋಕೆ ಏನೂ ಅಡ್ಡಿ ಇಲ್ಲ. ಮೆಮೊರಿಗೆ ಎರಡು ದಾರಿ ಇದ್ದದ್ದು ಒಂದಾಗುತ್ತೆ, ವಿಡಿಯೋ ಎಡಿಟಿಂಗ್ ಮಾಡೋರಿಗೆ ವ್ಯತ್ಯಾಸ ಗೊತ್ತಾಗುತ್ತೆ, ಚೆಕ್‌ರೋಲಿಗೆ 8 ಜಿಬಿ ಧಾರಾಳ. ಆದರೂ ಇದ್ದ ಸ್ಲಾಟ್ ಪೂರ್ತಿ ಗಟ್ಟಿ ಇದೆಯಾ ಅಂತ ನೋಡಿಬಿಡಿ. ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಹುಡುಕಿ ಓಡಿಸಿ, ರೀಸ್ಟಾರ್ಟ್ ಆಗಿ ತಾನೇ ಪರೀಕ್ಷೆ ಮಾಡುತ್ತೆ. ಅದಕ್ಕಿಂತ ಕಟ್ಟುನಿಟ್ಟು ಬೇಕಂದರೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಹಾಕಿ ರಾತ್ರಿ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಮಷೀನಲ್ಲಿ ಲೆಕ್ಕ ಬರೀಬೇಡಿ. ಕೆಟ್ಟ ಮೆಮೊರಿ ಯಾವಾಗಲೂ ನೀಲಿ ಪರದೆ ತೋರಿಸಲ್ಲ, ಸದ್ದಿಲ್ಲದೆ ಫೈಲ್ ಒಳಗಿನ ಅಂಕಿ ಕೆಡಿಸಿಬಿಡಬಹುದು. ಮುಂಗಡದ ಪಟ್ಟಿಗೆ ಅಂಥದ್ದು ಆಗಬಾರದು ಅಂತ ನೀವೇ ಹೇಳಿದ್ರಿ.

ಮಳೆ ಮುಗಿಯೋ ತನಕ ಕಾಯೋದು ಮಾತ್ರ ಬೇಡ. ಕಿಲುಬು ನಿಂತಲ್ಲಿ ನಿಲ್ಲಲ್ಲ. ಆ ಸ್ಲಾಟಿನ ಪಕ್ಕದಲ್ಲೇ ಮೆಮೊರಿಯ ವೋಲ್ಟೇಜ್ ಕೆಪಾಸಿಟರ್‌ಗಳ ಸಾಲಿದೆ, ಫೋಟೋದಲ್ಲಿ ಕಾಣ್ತಾ ಇದೆ. ಅಲ್ಲಿಗೆ ಹಬ್ಬಿ ಶಾರ್ಟ್ ಆದರೆ ಚೆನ್ನಾಗಿರೋ ಸ್ಲಾಟೂ ಸೇರಿ ನಿಲ್ಲುತ್ತೆ. ಮೊದಲು ಐಪಿಎಯಲ್ಲಿ ತೊಳೆದು ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು. ಕಾಲು ತಿಂದು ಹೋಗಿದ್ದರೆ ಸ್ಲಾಟನ್ನೇ ಬದಲಾಯಿಸಬೇಕು, ಅಡಿಯಿಂದ ಬೋರ್ಡ್ ಬಿಸಿ ಮಾಡಿ ಮೇಲಿಂದ ಹಾಟ್ ಏರ್ ಕೊಟ್ಟು ಹಳೇದು ಎತ್ತಿ ಹೊಸದು ಕೂರಿಸೋದು. ಸ್ಲಾಟ್ ಬೆಂಗಳೂರು ಎಸ್.ಪಿ. ರಸ್ತೆಯಿಂದ ತರಿಸ್ತೀವಿ. ನಾನಾದರೆ ಎಲ್ಲ ಸೇರಿ ಎರಡು ಸಾವಿರದ ಒಳಗೆ ಮಾಡ್ತೀನಿ. ತೊಳೆದು ಮಾತ್ರ ಕೊಡಿ, ಆ ಸ್ಲಾಟ್ ಖಾಲಿ ಇರಲಿ ಅಂದರೆ ಇನ್ನೂ ಕಮ್ಮಿ. ನಿಮ್ಮ ಕೆಲಸಕ್ಕೆ ಅದೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಬೋರ್ಡಿಗೆ ಅಷ್ಟು ಬಿಸಿ ಕೊಡೋ ಕೆಲಸ ಅಗತ್ಯ ಇಲ್ಲದಿದ್ದರೆ ತಪ್ಪಿಸೋದೇ ಒಳ್ಳೇದು.

ಕುರುಡಾಗಿ 16,500 ಕೊಟ್ಟು ಹಳೇ ಬೋರ್ಡ್ ಹಾಕಿಸೋ ಅಗತ್ಯ ಇಲ್ಲ.


ಹಾನುಬಾಳು ರೈಟರ್:

ವಿಂಡೋಸ್ ಪರೀಕ್ಷೆ ಓಡಿಸಿದೆ, ಯಾವ ಎರರೂ ಇಲ್ಲ ಅಂತ ಬಂತು. ಮೆಮ್‌ಟೆಸ್ಟ್ ಇವತ್ತು ರಾತ್ರಿ ಜನರೇಟರ್ ಇರೋದ್ರಿಂದ ಹಾಕ್ತೀನಿ. ಸ್ಲಾಟ್ ಖಾಲಿ ಬಿಟ್ಟು ತೊಳೆಸೋದು ಅಂತ ಸಾಹುಕಾರ್ರ ಹತ್ರ ಮಾತಾಡಿ ತೀರ್ಮಾನ ಆಯ್ತು. ಬಟವಾಡೆ ಮುಗಿಸಿ ಸೋಮವಾರ ಹಾಸನಕ್ಕೆ ಬರ್ತೀನಿ, ಅಂಗಡಿ ಎಲ್ಲಿ ಅಂತ ಖಾಸಗಿಯಾಗಿ ಮೆಸೇಜ್ ಹಾಕಿ. ಬಸ್ಸಿನಲ್ಲಿ ತರುವಾಗ ಏನಾದರೂ ಜಾಗ್ರತೆ ಬೇಕಾ?


ಹಾಸನ, ಚಿಪ್ ಲೆವೆಲ್ ರಿಪೇರಿ:

ಮೆಸೇಜ್ ಹಾಕಿದ್ದೀನಿ. ಆಫ್ ಮಾಡಿ ತನ್ನಿ, ಸ್ಲೀಪ್‌ನಲ್ಲಿ ಬೇಡ. ಬ್ಯಾಗಿಗೆ ಹಾಕೋ ಮೊದಲು ಪ್ಲಾಸ್ಟಿಕ್ ಕವರ್ ಸುತ್ತಿ. ಚಾರ್ಜರ್ ಮರೀಬೇಡಿ, ಅದನ್ನೂ ಮೀಟರ್‌ನಲ್ಲಿ ನೋಡಿ ಕೊಡ್ತೀನಿ. ತೆಗೆದಿಟ್ಟ ಇನ್ನೊಂದು ಕಡ್ಡಿಯೂ ತನ್ನಿ.

ಎಸ್‌ಎಸ್‌ಡಿ ಬಿಚ್ಚಿ ಬಂಗಲೆಯಲ್ಲಿಟ್ಟು ಬನ್ನಿ. ಒಂದೇ ಸ್ಕ್ರೂ, ನಿಮಗೀಗ ಗೊತ್ತಿದೆ. ಬೋರ್ಡ್ ನೋಡೋಕೆ ನನಗೆ ಅದು ಬೇಡ, ಪರೀಕ್ಷೆಗೆ ನನ್ನ ಹತ್ರ ಬೇರೆ ಇದೆ. ಆಳುಗಳ ಆಧಾರ್, ಬ್ಯಾಂಕ್ ಖಾತೆ ಇರೋ ಡಿಸ್ಕನ್ನ ನನ್ನ ಅಂಗಡಿಯಲ್ಲೂ ಬಿಡಬಾರದು.